ಸಂಬಂಧಗಳಲ್ಲಿ ನಂಬಿಕೆ ಅಂದರೇನು, ಅದು ಯಾಕೆ ಅಷ್ಟು ಮುಖ್ಯ?

ನನ್ನ ಪ್ರಕಾರ, ನಾವು ನೋಡದೇ ಇರುವಾಗಲೂ ಎದುರಿನವರು ನಮಗೆ ಕೆಡುಕು ಮಾಡಲಾರರು ಎಂದು ನಮ್ಮದೇನನ್ನೋ ಅವರ ಕೈಗೆ ಬಿಡುವುದೇ ನಂಬಿಕೆ. ಬಿಡದೆ 'ನಂಬೀನಿ' ಅಂದರೆ ಅದು ಬರೀ ಬಾಯಿಮಾತು.

ನಾನು ಗಂಗಾವತಿ ಕಡೆಯವನು. ನಮ್ಮಪ್ಪನಿಗೆ ಓದು ಬರುತ್ತಿರಲಿಲ್ಲ. ಭತ್ತ ಮಾರುವ ತನಕ ಕಿರಾಣಿ ಎಲ್ಲಾ ಉದ್ರಿ. ಸುಗ್ಗಿ ಮುಗಿದ ಮೇಲೆ ಅಂಗಡಿಯವರು ಖಾತೆ ಪುಸ್ತಕ ತೆಗೆದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳೋರು. ಒಂದು ಸಲ ಅವರೇ ನಿಲ್ಲಿಸಿ, "ಯಜಮಾನ್ರ, ಈ ಎಣ್ಣಿ ಡಬ್ಬಿ ಎರಡು ಸಲ ಬರದೀನಿ ನೋಡ್ರಿ" ಎಂದು ಗೆರೆ ಎಳೆದರು. ಅಪ್ಪನಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಮುಂದೆ ಅಕ್ಕನ ಮದುವೆಗೆ ಕೂಡಿಸಿದ ರೊಕ್ಕವನ್ನೂ ಅವರ ಹತ್ತಿರವೇ ಇಟ್ಟರು.

ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ? ತುಂಗಭದ್ರಾ ಎಡದಂಡೆ ನಾಲೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ 200 ಕಿ.ಮೀ.ಗೂ ಹೆಚ್ಚು ದೂರ ಹರಿಯುತ್ತದೆ. ಮೇಲಿನವರು ಸರದಿ ಮೀರಿ ನೀರು ಎಳೆದರೆ ಮಾನ್ವಿ ಕಡೆಯ ಕೊನೆಭಾಗದ ಹೊಲ ಒಣಗುತ್ತದೆ. ಅನುಮಾನ ಹುಟ್ಟಿತೆಂದರೆ ರೈತ ರಾತ್ರಿಯೆಲ್ಲ ತೂಬು ಕಾಯಬೇಕು. ಗಂಡ ಹೆಂಡತಿ ಒಬ್ಬರ ಮೊಬೈಲ್ ಒಬ್ಬರು ತಡಕಾಡುವ ಮನೆಯೂ ಹಾಗೆಯೇ, ಇದ್ದ ಶಕ್ತಿಯೆಲ್ಲ ಕಾವಲಿಗೇ ಹೋಗುತ್ತದೆ. ಪ್ರೀತಿಗೆ ಏನೂ ಉಳಿಯುವುದಿಲ್ಲ.

ಮುರಿದ ನಂಬಿಕೆ ಮತ್ತೆ ಕೂಡುತ್ತದೆಯೇ? ಕೂಡುತ್ತದೆ, ಆದರೆ ಕ್ಷಮೆ ಕೇಳಿದ ದಿನವೇ ಅಲ್ಲ. ಸಿಕ್ಕಿಬೀಳುವ ಮೊದಲೇ ತಾವಾಗಿ ಹೇಳಿಕೊಂಡವರಿಗೆ ಸ್ವಲ್ಪ ಬೇಗ. ಉಳಿದವರು ಎಂಟಕ್ಕೆ ಬರ್ತೀನಿ ಅಂದರೆ ಎಂಟಕ್ಕೇ ಬರುವಂಥ ಸಣ್ಣ ಸಣ್ಣ ಮಾತುಗಳನ್ನು ತಿಂಗಳುಗಟ್ಟಲೆ ಉಳಿಸಿಕೊಂಡು ಹೋಗಬೇಕಾಗುತ್ತದೆ.