ಶುಗರ್ ಬಂತು, ಇನ್ನು ಕಡುಬು ಬಿಡಬೇಕಾ?

ಮಧುಮೇಹ ಇದೆಯೆಂದು ಹೊಸದಾಗಿ ಗೊತ್ತಾದವರ ಪತ್ರಗಳೇ ಈ ಸಲ ಹೆಚ್ಚು. ಮಲೆನಾಡಿನ ಊಟ, ಮಳೆ, ತೋಟದ ಕೆಲಸ ಮೂರಕ್ಕೂ ಸಂಬಂಧಪಟ್ಟ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೆ 46 ವರ್ಷ, ಅಡಿಕೆ ತೋಟ ಇದೆ. ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯದ್ದು 168, ಊಟದ ನಂತರದ್ದು 274, ಎಚ್‌ಬಿಎ1ಸಿ 8.4 ಬಂತು. ಮೆಟ್‌ಫಾರ್ಮಿನ್ 500 ಮಾತ್ರೆ ದಿನಕ್ಕೆರಡು ಕೊಟ್ಟಿದ್ದಾರೆ. ನಮ್ಮಲ್ಲಿ ಬೆಳಿಗ್ಗೆ ಕಡುಬು ಇಲ್ಲವೇ ಅಕ್ಕಿ ರೊಟ್ಟಿ, ಆಮೇಲೆ ಎರಡು ಹೊತ್ತು ಅನ್ನ. ಅಕ್ಕಿ ಪೂರ್ತಿ ಬಿಡಿ, ಚಪಾತಿ ತಿನ್ನಿ ಅಂತ ಬಂದವರೆಲ್ಲ ಹೇಳುತ್ತಾರೆ. ಸಕ್ಕರೆ ಬಿಟ್ಟು ಕಾಫಿಗೆ ಜೋನಿ ಬೆಲ್ಲ ಹಾಕಿಕೊಳ್ಳುತ್ತಿದ್ದೇನೆ. ಇದು ಸರಿಯೇ?
– ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಜೋನಿ ಬೆಲ್ಲದಿಂದಲೇ ಶುರು ಮಾಡೋಣ, ನಾಳೆ ಬೆಳಿಗ್ಗೆಯೇ ನಿಲ್ಲಿಸಬಹುದಾದದ್ದು ಅದು. ಬೆಲ್ಲ, ಜೋನಿ ಬೆಲ್ಲ, ಜೇನುತುಪ್ಪ ಇವೆಲ್ಲ ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯೇ. ಒಂದು ಚಮಚದಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಸಲ ಕಾಫಿ, ಕಷಾಯ ಕುಡಿದರೆ ಅಲ್ಲಿಗೆ 50 ಗ್ರಾಂ ಆಯಿತು. ಒಮ್ಮೆಲೇ ಸಪ್ಪೆ ಕುಡಿಯಲಾಗದಿದ್ದರೆ ವಾರಕ್ಕೆ ಅರ್ಧ ಚಮಚ ಇಳಿಸುತ್ತ ಬನ್ನಿ. ಒಂದು ತಿಂಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಇನ್ನು ನಿಮ್ಮ ಅಂಕಿಗಳು. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೆ ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹ ಎನ್ನುತ್ತಾರೆ. ನಿಮ್ಮದು ಎರಡರಲ್ಲೂ ಸ್ಪಷ್ಟವಾಗಿದೆ. 8.4 ಎಂದರೆ ಕಳೆದ ಎರಡು-ಮೂರು ತಿಂಗಳು ರಕ್ತದಲ್ಲಿ ಸರಾಸರಿ 194ರಷ್ಟು ಸಕ್ಕರೆ ಇತ್ತು ಎಂದರ್ಥ. ಹೆಚ್ಚಿನವರಿಗೆ ವೈದ್ಯರು ಇಡುವ ಗುರಿ ಎಚ್‌ಬಿಎ1ಸಿ 7ರ ಒಳಗೆ, ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರ ಒಳಗೆ. ಹೆದರಿ ಹಾಸಿಗೆ ಹಿಡಿಯುವ ಅಂಕಿ ಇದಲ್ಲ. ಹಾಗೆಂದು ಮುಂದಿನ ವರ್ಷ ನೋಡೋಣ ಎಂದು ಬಿಡುವ ಅಂಕಿಯೂ ಅಲ್ಲ.

ಅಕ್ಕಿ ಬಿಟ್ಟು ಗೋಧಿಗೆ ಹೋದರೆ ಎಷ್ಟು ಕಡಿಮೆಯಾಗುತ್ತದೆ, ಲೆಕ್ಕ ಹಾಕಿ ನೋಡಿ. 50 ಗ್ರಾಂ ಅಕ್ಕಿ ತರಿಯಲ್ಲಿ ಸುಮಾರು 39 ಗ್ರಾಂ ಪಿಷ್ಟ ಇರುತ್ತದೆ. ಎರಡು ಚಪಾತಿಗೆ ಬೇಕಾಗುವ 60 ಗ್ರಾಂ ಗೋಧಿ ಹಿಟ್ಟಿನಲ್ಲಿ 40ರ ಆಸುಪಾಸು. ನಾರಿನಂಶ ಗೋಧಿಯಲ್ಲಿ ಸ್ವಲ್ಪ ಹೆಚ್ಚು, ನಿಜ. ಆದರೆ ಅಕ್ಕಿ ಬಿಟ್ಟೆನಲ್ಲ ಎಂಬ ಧೈರ್ಯದಲ್ಲಿ ಐದು ಚಪಾತಿ ತಿಂದರೆ ಶುಗರ್ ಏರಿಯೇ ಏರುತ್ತದೆ. ಹೀಗೆ ಮೋಸ ಹೋದವರು ಬಹಳ.

ನಮ್ಮ ಸಲಹೆ ಇಷ್ಟು: ಕಡುಬು ಬಿಡಬೇಡಿ, ತರಿಯನ್ನು ಅಳೆದು ಹಾಕಿ. ಮನೆಯವರಿಗೆಲ್ಲ ತರಿ ಕುದಿಸುವ ಮುನ್ನ ತಲೆಗೆ 50 ಗ್ರಾಂ ಲೆಕ್ಕ ಹಿಡಿಯಿರಿ. ಅದರಲ್ಲಿ ಎಷ್ಟು ಕಡುಬಾಗುತ್ತದೋ ಅಷ್ಟೇ ನಿಮ್ಮ ಪಾಲು. ಅಕ್ಕಿ ರೊಟ್ಟಿಯ ಹಿಟ್ಟಿಗೂ ಅದೇ ಲೆಕ್ಕ. ಜೊತೆಗೆ ಬರೀ ಕಾಯಿ ಚಟ್ನಿ ಸಾಲದು. ಮೊಳಕೆ ಹೆಸರುಕಾಳಿನ ಪಲ್ಯ, ಹುರಳಿ ಸಾರು, ಮೊಟ್ಟೆ ಅಥವಾ ಮೀನು ಯಾವುದಾದರೂ ಒಂದಿರಲಿ. ಮಧ್ಯಾಹ್ನ ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ (ಬಾಳೆದಿಂಡು, ಕಳಲೆ, ಬಸಳೆ, ತೊಂಡೆ), ಕಾಲು ಭಾಗ ಬೇಳೆ-ಕಾಳು, ಉಳಿದ ಕಾಲು ಭಾಗ ಅನ್ನ. ತಂಬುಳಿ, ಮಜ್ಜಿಗೆಗೆ ಅಡ್ಡಿಯಿಲ್ಲ. ತೊಂದರೆ ಇರುವುದು ಅವು ಚೆನ್ನಾಗಿವೆಯೆಂದು ಮತ್ತೆರಡು ಸಟ್ಟುಗ ಅನ್ನ ಬಡಿಸಿಕೊಳ್ಳುವುದರಲ್ಲಿ. ಹಲಸಿನ ಹಣ್ಣಾದರೆ ಮೂರು ತೊಳೆ, ಅದೂ ಊಟದ ಮೇಲೆ ಬೇಡ.

ಯಾವ ಊಟ ನಿಮಗೆ ಎಷ್ಟು ಏರಿಸುತ್ತದೆ ಎಂಬುದನ್ನು ನಿಮ್ಮ ಬೆರಳೇ ಹೇಳಬೇಕು. ಒಂದು ಗ್ಲೂಕೋಮೀಟರ್ ತಂದುಕೊಳ್ಳಿ. ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ನೋಡಿ ಬರೆದಿಡಿ. ಪುಸ್ತಕದ ಒಂದು ಪುಟ ಹೀಗಿರಬಹುದು: ‘ಸೋಮವಾರ 7.40ಕ್ಕೆ 138. ನಾಲ್ಕು ಕಡುಬು, ಚಟ್ನಿ. 9.40ಕ್ಕೆ 246. ಗುರುವಾರ 7.45ಕ್ಕೆ 135. ಎರಡು ಕಡುಬು, ಹುರಳಿ ಸಾರು, ತಿಂದಮೇಲೆ ಅಂಗಳದಲ್ಲಿ 15 ನಿಮಿಷ ನಡಿಗೆ. 9.45ಕ್ಕೆ 182.’ ಇಂಥ ಎರಡು ಪುಟ ತಂದರೆ ವೈದ್ಯರಿಗೆ ಮಾತ್ರೆ ನಿರ್ಧರಿಸುವುದು ಸುಲಭ. ವಾರಕ್ಕೆ ಮೂರು ಜೋಡಿ ಸಾಕು, ಬೇರೆ ಬೇರೆ ಊಟಕ್ಕೆ. ಆಷಾಢದ ಮಳೆಯಲ್ಲಿ ಅಂಗಳಕ್ಕೆ ಇಳಿಯಲಾಗದಿದ್ದರೆ ಜಗುಲಿಯ ಮೇಲೆಯೇ ನಡೆಯಿರಿ, ಅದೂ ಲೆಕ್ಕಕ್ಕೆ ಬರುತ್ತದೆ.

ಮೆಟ್‌ಫಾರ್ಮಿನ್ ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಳ್ಳಿ. ಮೊದಲ ಒಂದೆರಡು ವಾರ ಹೊಟ್ಟೆ ಗುಡುಗುಡು, ಭೇದಿ ಆಗಬಹುದು. ಅದಕ್ಕೆಂದು ಮಾತ್ರೆ ಬಿಡಬೇಡಿ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದ್ದು ಸಿಗುತ್ತದೆ, ವೈದ್ಯರನ್ನು ಕೇಳಿ. ವಾಂತಿ-ಭೇದಿಯಾಗಿ ನೀರೂ ನಿಲ್ಲದಂತಾದರೆ ಮಾತ್ರ ಅದೇ ದಿನ ವೈದ್ಯರಿಗೆ ತಿಳಿಸಿ, ಅಂಥ ಹೊತ್ತಿನಲ್ಲಿ ಇದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಈ ಕಾಯಿಲೆ ಗೊತ್ತಾಗುವ ಹೊತ್ತಿಗೆ ದೇಹದಲ್ಲಿ ವರ್ಷಗಳಿಂದ ಇದ್ದಿರಬಹುದು. ಆದ್ದರಿಂದ ಈ ತಿಂಗಳೇ ಕಣ್ಣಿಗೆ ಹನಿ ಹಾಕಿ ಮಾಡುವ ಅಕ್ಷಿಪಟಲದ ಪರೀಕ್ಷೆ, ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಬಿಪಿ ಎಲ್ಲವನ್ನೂ ನೋಡಿಸಿ. ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಕಣ್ಣಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ನೇತ್ರ ವಿಭಾಗಕ್ಕೆ ಹೋಗಬಹುದು. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಬೈಕ್ ಬೇಡ, ಬಸ್ಸಿನಲ್ಲೇ ಹೋಗಿ.

ಪ್ರಶ್ನೆ: ಅಡಿಕೆ ಕೊನೆ ಕೊಯ್ಯುವ ಕೆಲಸ ನನ್ನದು. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಹೋದರೆ 11 ಗಂಟೆ ಹೊತ್ತಿಗೆ ಕೈ ನಡುಗಿ ಬೆವರು ಕಿತ್ತುಕೊಂಡು ಬರುತ್ತದೆ. ಒಮ್ಮೆ ಮರದ ಮೇಲೆಯೇ ಹೀಗಾಯಿತು. ಮಾತ್ರೆ ನಿಲ್ಲಿಸಲೇ?
– ಓದುಗರು, ಸಾಗರ

ಉತ್ತರ: ಇವತ್ತೇ ವೈದ್ಯರನ್ನು ಕಂಡು ಮರ ಹತ್ತುವ ಕೆಲಸ ನಿಮ್ಮದೆಂದು ಬಾಯಿಬಿಟ್ಟು ಹೇಳಿ. ಅವರು ಪ್ರಮಾಣ ಇಳಿಸುತ್ತಾರೆ ಅಥವಾ ಮಾತ್ರೆಯನ್ನೇ ಬದಲಿಸುತ್ತಾರೆ. ಅಲ್ಲಿಯ ತನಕ ಮರ ಹತ್ತಬೇಡಿ. ಗ್ಲಿಮೆಪಿರೈಡ್ ನೀವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ತಿಂಡಿ ತಡವಾಗಿ, ಮೈಮುರಿಯುವ ಕೆಲಸವೂ ಸೇರಿದರೆ ಶುಗರ್ ಕುಸಿಯುತ್ತದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಹೀಗಾಗುವುದಿಲ್ಲ.

ನಡುಕ ಬಂದಾಗ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿದು 15 ನಿಮಿಷ ಕೂರಿ. ಆಗಲೂ 70ಕ್ಕಿಂತ ಕೆಳಗಿದ್ದರೆ ಮತ್ತೆ ಅಷ್ಟೇ ಕುಡಿಯಿರಿ. ಸರಿಹೋದ ಮೇಲೆ ಒಂದು ಬಾಳೆಹಣ್ಣೋ ಊಟವೋ ಆಗಲಿ. ಬಿಸ್ಕತ್ತು, ಚಾಕೊಲೇಟಿನಲ್ಲಿ ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಪುಡಿಯನ್ನು ಪ್ಲಾಸ್ಟಿಕ್ ಕೊಟ್ಟೆಗೆ ಕಟ್ಟಿ ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳಿ, ಊಟದ ಚೀಲದಲ್ಲಿಟ್ಟರೆ ಬೇಕಾದ ಹೊತ್ತಿಗೆ ಅದು ತೋಟದ ಆಚೆ ತುದಿಯಲ್ಲಿರುತ್ತದೆ. ಜೊತೆಯವರಿಗೂ ಹೇಳಿಡಿ: ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಪ್ರಶ್ನೆ: ಅತ್ತೆಗೆ 68 ವರ್ಷ. ಶುಗರ್ ಇದೆಯೆಂದು ಈಚೆಗೆ ತಿಳಿಯಿತು. ಪಾದ ಜೋಮು ಹಿಡಿದಂತೆ ಇರುತ್ತದೆ ಎನ್ನುತ್ತಾರೆ. ಆದರೂ ತೋಟಕ್ಕೆ ಬರಿಗಾಲಲ್ಲೇ ಹೋಗುತ್ತಾರೆ, ಸಂಜೆ ಬಚ್ಚಲೊಲೆಯ ಮುಂದೆ ಕಾಲು ಕಾಯಿಸುತ್ತಾರೆ. ಏನು ಮಾಡಲಿ?
– ಓದುಗರು, ಹೊಸನಗರ

ಉತ್ತರ: ಕಾಲು ಕಾಯಿಸುವುದನ್ನು ಮೊದಲು ನಿಲ್ಲಿಸಿ. ಜೋಮು ಹಿಡಿದ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಚರ್ಮ ಸುಟ್ಟು ಬೊಬ್ಬೆ ಎದ್ದಮೇಲೆ ನೋಡಿದವರಿಗಷ್ಟೇ ಗೊತ್ತಾಗುತ್ತದೆ. ಹಂಡೆಯ ನೀರನ್ನೂ ಕಾಲಿಗೆ ಹಾಕುವ ಮುನ್ನ ನೀವು ಮೊಣಕೈಯಿಂದ ಮುಟ್ಟಿ ನೋಡಿ. ಚಳಿಗೆ ಹತ್ತಿಯ ಕಾಲುಚೀಲ ಸಾಕು.

ತೋಟಕ್ಕೆ ಗಂಬೂಟು ಹಾಕಿಸಿ, ಒಳಗೆ ಒಣ ಕಾಲುಚೀಲ ಇರಲಿ. ಹಾಕಿಕೊಳ್ಳುವ ಮುಂಚೆ ಬೂಟನ್ನು ತಲೆಕೆಳಗು ಮಾಡಿ ಕೊಡವಬೇಕು: ಕಲ್ಲು, ಮುಳ್ಳು, ಚೇಳು ಏನೂ ಇರಬಹುದು. ಇಂಬಳ (ಜಿಗಣೆ) ಕಚ್ಚಿದ್ದರೆ ಬೆಂಕಿ, ಸುಣ್ಣ ತಾಗಿಸದೆ ಉಗುರಿನಿಂದ ಅದರ ಬಾಯಿಯ ಬಳಿ ಜಾರಿಸಿ ತೆಗೆಯಿರಿ. ಸೋಪು ನೀರಲ್ಲಿ ತೊಳೆದು ರಕ್ತ ನಿಲ್ಲುವ ತನಕ ಒತ್ತಿ ಹಿಡಿದು ಶುಭ್ರ ಬಟ್ಟೆ ಕಟ್ಟಿ. ಕೆರೆದರೆ ಅದೇ ಹುಣ್ಣಾಗುತ್ತದೆ.

ರಾತ್ರಿ ಮಲಗುವ ಮುನ್ನ ನೀವೇ ದೀಪದ ಬೆಳಕಲ್ಲಿ ಅವರ ಎರಡೂ ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಿ. ಮಳೆಗಾಲದ ಕೆಸರುಹುಣ್ಣು ಶುರುವಾಗುವುದು ನಾಲ್ಕನೇ ಮತ್ತು ಕಿರುಬೆರಳಿನ ನಡುವೆ, ಬೆಳ್ಳಗೆ ನೆನೆದಂತೆ ಕಾಣುತ್ತದೆ. ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ. ಬಿರುಕು ಬಿಟ್ಟ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳ ಸಂದಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಗಾಯ ಕೆಂಪಾದರೆ, ಕೀವು ಬಂದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ ನೋವಿಲ್ಲವೆಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನೋವಿಲ್ಲದಿರುವುದೇ ಇಲ್ಲಿ ದೊಡ್ಡ ಅಪಾಯ.

ಪ್ರಶ್ನೆ: ಮನೆಯ ಮೀಟರಿನಲ್ಲಿ ಒಮ್ಮೆ 150, ಐದು ನಿಮಿಷಕ್ಕೆ 210 ತೋರಿಸಿತು. ಮೀಟರ್ ಕೆಟ್ಟಿದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಲ್ಯಾಬಿಗೂ ಮೀಟರಿಗೂ ಶೇ. 15ರ ತನಕ ವ್ಯತ್ಯಾಸ ಸಹಜ. ನಿಮ್ಮದು ಅದಕ್ಕಿಂತ ಹೆಚ್ಚು, ಕಾರಣ ಕೈಯಲ್ಲಿರಬಹುದು. ಬಾಳೆಹಣ್ಣು ಸುಲಿದ ಅಥವಾ ಹಲಸು ಬಿಡಿಸಿದ ಬೆರಳಲ್ಲಿ ಉಳಿದ ಸಕ್ಕರೆ ರಕ್ತದ ಹನಿಗೆ ಸೇರಿದರೆ ಅಂಕಿ ಜಿಗಿಯುತ್ತದೆ. ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ಹನಿ ಬರದಿದ್ದರೆ ಕೈ ಕೆಳಗೆ ಇಳಿಬಿಡಿ, ಗಟ್ಟಿಯಾಗಿ ಹಿಂಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಸ್ಟ್ರಿಪ್ ತೇವ ಕುಡಿಯುತ್ತದೆ. ಅದನ್ನು ಅದರ ಡಬ್ಬಿಯಲ್ಲೇ ಇಟ್ಟು, ಒಂದು ತೆಗೆದ ಕೂಡಲೇ ಮುಚ್ಚಳ ಒತ್ತಿ. ಡಬ್ಬಿ ಒಡೆದ ತಾರೀಖನ್ನು ಮೇಲೆ ಪೆನ್ನಿನಲ್ಲಿ ಬರೆದಿಡಿ, ಎಷ್ಟು ದಿನದೊಳಗೆ ಮುಗಿಸಬೇಕೆಂದು ಲೇಬಲ್ಲಿನಲ್ಲೇ ಇರುತ್ತದೆ.