ಸಿ ಭಾಷೆಯಲ್ಲಿ ‘ಶಿರಸಿ’ಯ ಉದ್ದ 15 ಏಕೆ?

ತೆರೆಯ ಮೇಲೆ ಮೂರೇ ಅಕ್ಷರ ಕಂಡರೂ ‘ಶಿರಸಿ’ಗೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಠ್ಯದ ಉದ್ದ ಹೇಳುವ ‘ಸ್ಟ್ರ್‌ಲೆನ್’ 15 ಎನ್ನುವುದು ಸರಿಯಾಗಿಯೇ ಇದೆ; ಅದು ಎಣಿಸುವುದು ಕಂಪ್ಯೂಟರ್ ಸ್ಮರಣೆಯ ಪುಟ್ಟ ಘಟಕಗಳಾದ ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಸಿ ಭಾಷೆಯಲ್ಲಿ ಅಕ್ಷರಕ್ಕೆಂದು ಇರುವ ‘ಚಾರ್’ ಎಂದರೆ ಒಂದು ಬೈಟ್, ಅಷ್ಟೇ.

ಸಿಗೂ ಹಿಂದಿನ ಬಿ ಭಾಷೆಗೆ ಗೊತ್ತಿದ್ದ ಅಳತೆ ಒಂದೇ: ಯಂತ್ರ ಒಮ್ಮೆಗೆ ನಿಭಾಯಿಸುವ ‘ವರ್ಡ್’. ಅದರೊಳಗೆ ಒತ್ತಾಗಿ ತುಂಬಿದ ಅಕ್ಷರಗಳನ್ನು ಬಿಡಿಸಿ ತೆಗೆಯಬೇಕಿತ್ತು. ಪ್ರತಿ ಬೈಟ್‌ಗೂ ವಿಳಾಸವಿದ್ದ ಪಿಡಿಪಿ-11 ಕಂಪ್ಯೂಟರ್ ಬಂದ ಮೇಲೆ, 1970ರ ದಶಕದ ಆರಂಭದಲ್ಲಿ, ಸಿ ಭಾಷೆಯ ಕರ್ತೃ ಡೆನಿಸ್ ರಿಚಿ ಚಾರ್ ಸೇರಿಸಿದರು. ಇಂಗ್ಲಿಷ್ ಬರಹಕ್ಕೆಂದು ಮಾಡಿದ 128 ಸಂಕೇತಗಳ ಆಸ್ಕಿ ಪಟ್ಟಿಗೆ ಒಂದು ಬೈಟ್ ಧಾರಾಳವಾಗಿತ್ತು; ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಎಲ್ಲ ಭಾಷೆಗಳ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಶ, ಗುಡಿಸು, ರ, ಸ, ಮತ್ತೊಂದು ಗುಡಿಸು ಸೇರಿ ಐದು ಸಂಕೇತಗಳು. ತಲಾ ಮೂರು ಬೈಟ್. ‘ಕಾರವಾರ’ಕ್ಕೆ ಇದೇ ಲೆಕ್ಕದಲ್ಲಿ 18. ಜಾಗ ಕಾದಿರಿಸುವಾಗ, ಪಠ್ಯ ಮುಗಿಯಿತೆಂದು ಸೂಚಿಸುವ ಕೊನೆಯ ಸೊನ್ನೆಗೂ ಒಂದು ಬೈಟ್ ಸೇರಿಸಿ, ಶಿರಸಿಗೆ 16 ಇಡಿ.