ಹಳೆಯ ಹಾರ್ಡ್ ಡಿಸ್ಕ್‌ಗೆ ಎಸ್‌ಎಸ್‌ಡಿ ಕ್ಯಾಶ್

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿದೆ. ಹಳೆಯ ಕಂಪ್ಯೂಟರ್ ಬೆಳಿಗ್ಗೆ ಕೆಲಸಕ್ಕೆ ಸಿದ್ಧವಾಗುವಷ್ಟರಲ್ಲಿ ಗಿರಾಕಿಗಳು ಎದ್ದು ಹೋಗುತ್ತಾರೆ. ಮಿತ್ರರೊಬ್ಬರು 64 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಸಂಗ್ರಹ ಸಾಧನ) ಕೊಟ್ಟು, ಕ್ಯಾಶ್ (cache, ಪದೇ ಪದೇ ಬೇಕಾಗುವ ಮಾಹಿತಿಯ ತಾತ್ಕಾಲಿಕ ಸಂಗ್ರಹ) ಆಗಿ ಬಳಸಿ ಎಂದಿದ್ದಾರೆ. ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ವಿಂಡೋಸ್ ತೆರೆದುಕೊಳ್ಳುವಾಗ ಅಲ್ಲಲ್ಲಿ ಚದುರಿರುವ ಅಸಂಖ್ಯ ಸಣ್ಣ ಕಡತಗಳಿಗಾಗಿ ಹೀಗೆ ಮತ್ತೆ ಮತ್ತೆ ಕಾಯಬೇಕಾಗುವುದರಿಂದಲೇ ನಿಮ್ಮ ಬೆಳಗಿನ ಹೊತ್ತು ಹಾಳಾಗುತ್ತಿದೆ. ಕ್ಯಾಶ್ ವ್ಯವಸ್ಥೆಯು ಪದೇ ಪದೇ ಓದುವ ಭಾಗಗಳ ಪ್ರತಿಯನ್ನು ಎಸ್‌ಎಸ್‌ಡಿಯಲ್ಲಿ ಇಟ್ಟುಕೊಳ್ಳುವುದರಿಂದ ಮೊದಲ ಸಲ ನಿಧಾನವಾಗಿ ತೆರೆದ ಪೇಜ್‌ಮೇಕರ್ ಎರಡನೆಯ ಸಲ ಬೇಗ ತೆರೆಯುತ್ತದೆ.

ಇಂಟೆಲ್ ಈ ಸೌಲಭ್ಯವನ್ನು 2011ರಲ್ಲಿ ಝಡ್68 ಚಿಪ್‌ಸೆಟ್‌ನೊಂದಿಗೆ (ಮದರ್‌ಬೋರ್ಡ್, ಅಂದರೆ ಕಂಪ್ಯೂಟರಿನ ಮುಖ್ಯ ಫಲಕದ ನಿಯಂತ್ರಕ ಚಿಪ್) ತಂದಿತು; ಎಲ್ಲ ಮದರ್‌ಬೋರ್ಡ್‌ಗಳಲ್ಲಿಯೂ ಇದು ಇಲ್ಲ, ಮೊದಲು ನಿಮ್ಮದನ್ನು ಪರೀಕ್ಷಿಸಿ. ಇದರಲ್ಲಿ ಎರಡು ವಿಧಾನಗಳಿವೆ. ‘ಮ್ಯಾಕ್ಸಿಮೈಸ್ಡ್’ ವಿಧಾನದಲ್ಲಿ ಬರೆದದ್ದು ಮೊದಲು ಎಸ್‌ಎಸ್‌ಡಿಗಷ್ಟೇ ಹೋಗುತ್ತದೆ. ಅದು ಹಾರ್ಡ್ ಡಿಸ್ಕ್ ಸೇರುವ ಮುನ್ನ ಎಸ್‌ಎಸ್‌ಡಿ ಕೆಟ್ಟರೆ ಗಿರಾಕಿಯ ಲಗ್ನಪತ್ರಿಕೆಯೂ ಹೋದಂತೆಯೇ. ‘ಎನ್‌ಹ್ಯಾನ್ಸ್ಡ್’ ವಿಧಾನದಲ್ಲಿ ಎರಡರಲ್ಲಿಯೂ ಜೊತೆಜೊತೆಗೇ ಬರೆಯಲಾಗುತ್ತದೆ. ನೀವು ಇದನ್ನೇ ಆರಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ನಮ್ಮ ಮಲೆನಾಡಿನಲ್ಲಿ ಯುಪಿಎಸ್ ಅಂತೂ ಬೇಕೇ ಬೇಕು.

ಹೊಸದಾಗಿ ಹಣ ಹಾಕುವುದಾದರೆ ಮಾತ್ರ ಕ್ಯಾಶ್‌ನ ಗೋಜು ಬೇಡ. 256 ಜಿಬಿ ಎಸ್‌ಎಸ್‌ಡಿಗೆ ವಿಂಡೋಸನ್ನೇ ಹಾಕಿಸಿ, ಹಳೆಯ ಡಿಸ್ಕನ್ನು ಕಡತಗಳಿಗೆ ಉಳಿಸಿಕೊಳ್ಳಿ. ಕ್ಯಾಶ್ ಆಗಿ ಬಳಸಿದ ಎಸ್‌ಎಸ್‌ಡಿಯನ್ನು ಮುಂದೆ ಬಿಚ್ಚುವುದಿದ್ದರೆ, ಮೊದಲು ಸಾಫ್ಟ್‌ವೇರ್‌ನಲ್ಲಿ ಕ್ಯಾಶ್ ನಿಲ್ಲಿಸಿ, ಅನಂತರವೇ ಕೇಬಲ್ ತೆಗೆಯಿರಿ.